ಪಿಕಪ್‌ಗೆ ಪಿಕಪ್ ಇಲ್ಲ: ಹಳೇ ಗಾಡಿಯ ಎರರ್ ಕೋಡ್ ಓದುವುದು ಹೇಗೆ

ಆಗಸ್ಟ್ ಮೊದಲ ವಾರ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ರಜೆ ಆಗಷ್ಟೇ ಮುಗಿದಿತ್ತು. ಎರಡು ತಿಂಗಳು ಶೀಟಿನ ಮಾಡಿನ ಕೆಳಗೆ ಮಲಗಿದ್ದ ನಮ್ಮ 2012ರ ಡೀಸೆಲ್ ಪಿಕಪ್ಪನ್ನು ಎಬ್ಬಿಸಿ ಮಲ್ಪೆ ಬಂದರಿಗೆ ಹೊರಟೆ. ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟ್ ಆಯಿತು. ಆದರೆ ಆದಿಉಡುಪಿ ದಾಟುವಷ್ಟರಲ್ಲಿ ಮೀಟರಿನಲ್ಲಿ ಹಳದಿ ಲೈಟ್ ಹತ್ತಿತು. ಎಷ್ಟು ತುಳಿದರೂ ಗಾಡಿ ಏಳಲಿಲ್ಲ. ‘ಪಿಕಪ್‌ಗೆ ಪಿಕಪ್ ಇಲ್ವಾ’ ಎಂದು ಬಂದರಿನಲ್ಲಿ ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ದಾರಿಯಲ್ಲಿ ಸಿಕ್ಕಿದ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್, ಅಂದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ಎರರ್ ಕೋಡ್ ಓದುವ ಯಂತ್ರ, ಹಾಕಿಸಿದೆ. ಪಿ0238 ಎಂಬ ಕೋಡ್ ಬಂತು. ‘ಟರ್ಬೋ ಪ್ರೆಶರ್ ಸೆನ್ಸರ್ ಹೋಗಿದೆ’ ಎಂದರು. ಟರ್ಬೋ ಅಂದರೆ ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ, ಆ ಗಾಳಿಯ ಪ್ರೆಶರ್ ಅಳೆಯುವುದು ಈ ಸೆನ್ಸರ್. ಹೊಸ ಸೆನ್ಸರ್ ಹಾಕಿದರು, ಕೋಡ್ ಅಳಿಸಿದರು, ಲೈಟ್ ಆರಿತು. ದುಡ್ಡು ಕೊಟ್ಟು ಹೊರಟೆ. ಸಂತೆಕಟ್ಟೆ ಮುಟ್ಟುವ ಮೊದಲೇ ಲೈಟ್ ಮತ್ತೆ ಹತ್ತಿತು. ಅದೇ ಕೋಡ್, ಹೊಸ ಸೆನ್ಸರ್‌ಗೆ!

ಹಳೇ ಗಾಡಿ ಇಟ್ಟುಕೊಂಡವರಿಗೆ ಈ ಕಥೆ ಹೊಸದಲ್ಲ. ಸ್ಕ್ಯಾನರ್ ಈಗ ಎಲ್ಲರ ಕೈಯಲ್ಲೂ ಉಂಟು. ಅದು ಕೊಡುವ ಕೋಡನ್ನು ಸ್ಪೇರ್ ಅಂಗಡಿಯ ಚೀಟಿಯ ಹಾಗೆ ಓದುವುದೇ ತೊಂದರೆ. ಕೋಡ್‌ನಲ್ಲಿ ಸೆನ್ಸರ್‌ನ ಹೆಸರಿತ್ತು ಅಂತ ಸೆನ್ಸರ್ ಬದಲಾಯಿಸಿಬಿಡುತ್ತೇವೆ. ಆದರೆ ಕೋಡ್ ಅದನ್ನು ಹೇಳುವುದೇ ಇಲ್ಲ.

ಗಾಡಿಯ ಕಂಪ್ಯೂಟರ್, ಅಂದರೆ ಇಸಿಯು, ಒಂದು ಮುಚ್ಚಿದ ಡಬ್ಬಿ. ಅದಕ್ಕೆ ಕಣ್ಣಿಲ್ಲ. ಕತ್ತಲೆ ಕೋಣೆಯಲ್ಲಿ ಕೂತು ಬರೀ ಫೋನಿನಲ್ಲೇ ದೋಣಿ ನಡೆಸುವವನನ್ನು ನೆನೆಸಿಕೊಳ್ಳಿ. ಸಮುದ್ರ ಹೇಗಿದೆ ಎಂದು ಅವನಿಗೆ ಗೊತ್ತಾಗುವುದು ಲೈನಿನಲ್ಲಿ ಕೇಳಿದ್ದರಿಂದ ಮಾತ್ರ. ಆ ಕಡೆಯಿಂದ ಏನೂ ಕೇಳದಿದ್ದರೆ ಮಾತಾಡುವವನು ನಿದ್ದೆ ಹೋದನೋ, ಲೈನೇ ತುಂಡಾಯಿತೋ, ಅವನಿಗೆ ತಿಳಿಯುವುದಿಲ್ಲ. ಇಸಿಯುವಿಗೆ ಬರುವ ಸುದ್ದಿ ವೋಲ್ಟೇಜ್. ಬರಬೇಕಾದ ವೋಲ್ಟೇಜ್ ಬರದಿದ್ದರೆ ‘ಈ ಲೈನಿನಲ್ಲಿ ಏನೋ ಸರಿಯಿಲ್ಲ’ ಎಂದು ಬರೆದಿಡುತ್ತದೆ. ಆ ಬರಹವೇ ಕೋಡ್. ಲೈನ್ ಅಂದರೆ ಸೆನ್ಸರ್ ಒಂದೇ ಅಲ್ಲ. ಅದರ ಕಪ್ಲರ್ (ವಯರ್ ಸಿಕ್ಕಿಸುವ ಪ್ಲಗ್), ಮಾರುಗಟ್ಟಲೆ ವಯರ್, ನಡುವಿನ ಜಾಯಿಂಟ್, ಅರ್ತ್, ಎಲ್ಲವೂ ಸೇರಿದ್ದು.

ಕೋಡ್‌ನ ಅಕ್ಷರ, ಅಂಕಿ

ಒಂದಕ್ಷರ, ನಾಲ್ಕು ಅಂಕಿ. ಪಿ ಅಂದರೆ ಇಂಜಿನ್ ಮತ್ತು ಗೇರ್ ಬಾಕ್ಸ್. ಬಿ ಅಂದರೆ ಬಾಡಿ, ಸಿ ಅಂದರೆ ಚಾಸಿ, ಯು ಅಂದರೆ ಕಂಪ್ಯೂಟರ್‌ಗಳ ನಡುವಿನ ಮಾತುಕತೆ. ಹಳೇ ಪಿಕಪ್ಪಿನಲ್ಲಿ ನೀವು ನೋಡುವುದು ಹೆಚ್ಚಾಗಿ ಪಿ ಮಾತ್ರ. ಮುಂದಿನ ಅಂಕಿ ಸೊನ್ನೆಯಾದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ. ಒಂದಾದರೆ ಆ ಕಂಪನಿಯದ್ದೇ ಸ್ವಂತ ಕೋಡ್. ಇಂಟರ್ನೆಟ್ಟಿನಲ್ಲಿ ಹುಡುಕುವಾಗ ಜನ ಎಡವುವುದು ಇಲ್ಲೇ. ಪಿ1 ಎಂದು ಶುರುವಾಗುವ ಕೋಡ್‌ಗೆ ಒಂದು ಕಂಪನಿಯಲ್ಲಿ ಒಂದು ಅರ್ಥವಿದ್ದರೆ ಇನ್ನೊಂದರಲ್ಲಿ ಬೇರೆಯೇ ಇರುತ್ತದೆ.

ಮೂರನೆಯ ಜಾಗದ ಅಂಕಿ ಯಾವ ಭಾಗ ಎನ್ನುತ್ತದೆ. 1 ಮತ್ತು 2 ಗಾಳಿ-ಇಂಧನಕ್ಕೆ, 3 ಇಗ್ನಿಷನ್ ಮತ್ತು ಮಿಸ್‌ಫೈರ್‌ಗೆ, 4 ಹೊಗೆ ನಿಯಂತ್ರಣಕ್ಕೆ, 5 ಸ್ಪೀಡ್ ಮತ್ತು ಐಡಲ್‌ಗೆ (ಐಡಲ್ ಅಂದರೆ ಗಾಡಿ ನಿಂತಿದ್ದು ಇಂಜಿನ್ ಮಾತ್ರ ಓಡುವುದು). ಕೊನೆಯ ಎರಡು ಅಂಕಿ ನಿರ್ದಿಷ್ಟ ದೂರು. ಇದನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ, ಸ್ಕ್ಯಾನರೇ ಬರೆದು ತೋರಿಸುತ್ತದೆ. ಗಮನ ಇಡಬೇಕಾದದ್ದು ಕೋಡ್‌ನ ವಿವರಣೆಯ ಕೊನೆಯ ಪದದ ಮೇಲೆ: ‘ಹೈ’ ಅಥವಾ ‘ಲೋ’. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಗಾಡಿಗೆ ಕೋಡ್ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಮೆಕ್ಯಾನಿಕಲ್ ಪಂಪಿನ ತೀರಾ ಹಳೇ ಡೀಸೆಲ್ ಪಿಕಪ್‌ಗಳಲ್ಲಿ ಇಸಿಯುವೇ ಇಲ್ಲ. ಅಲ್ಲಿ ಕಿವಿ, ಮೂಗು, ಸ್ಪಾನರ್, ಅಷ್ಟೇ. ಅಮೆರಿಕದಲ್ಲಿ 1996ರ ಮಾಡೆಲಿನಿಂದ ಎಲ್ಲ ಕಾರು, ಪಿಕಪ್‌ಗಳಿಗೆ ಒಂದೇ ಬಗೆಯ 16 ಪಿನ್ನಿನ ಸಾಕೆಟ್, ಒಂದೇ ಬಗೆಯ ಕೋಡ್ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಎರಡು ಪಿನ್‌ಗಳ ನಡುವೆ ವಯರ್ ಸಿಕ್ಕಿಸಿ, ಚೆಕ್ ಲೈಟ್ ಎಷ್ಟು ಸಲ ಮಿಣುಕುತ್ತದೆ ಎಂದು ಎಣಿಸಬೇಕಿತ್ತು. ಗಲ್ಫಿನಲ್ಲಿ ಹಳೇ ಜಪಾನಿ ಪಿಕಪ್ ಓಡಿಸಿ ಬಂದವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ, ಕೇಳಿದರೆ ಹೇಳುತ್ತಾರೆ.

ನಮ್ಮ ದೇಶದಲ್ಲಿ ಬಿಎಸ್4 (ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿ) ಎಲ್ಲ ಕಡೆ ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಬಿಎಸ್3 ಪಿಕಪ್‌ಗಳದ್ದು ಒಂದು ನಡುಗಾಲದ ಕಥೆ. ಕಾಮನ್ ರೈಲ್ ಡೀಸೆಲ್ ಇಂಜಿನ್, ಇಸಿಯು, ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್, ಎಲ್ಲವೂ ಇರಬಹುದು. ಆದರೆ ಅದು ಮಾತಾಡುವ ಭಾಷೆ ಬೇರೆ. ಹೊಸ ಗಾಡಿಗಳು ಸಾಕೆಟ್ಟಿನ 6 ಮತ್ತು 14ನೇ ಪಿನ್ನಿನಲ್ಲಿ ಮಾತಾಡುತ್ತವೆ, ಹಳೆಯವು ಹೆಚ್ಚಾಗಿ 7ನೇ ಪಿನ್ನಿನಲ್ಲಿ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಡಾಂಗಲ್ (ಫೋನಿನಲ್ಲಿ ಕೋಡ್ ತೋರಿಸುವ ಸಣ್ಣ ಸ್ಕ್ಯಾನರ್) ಚುಚ್ಚಿದಾಗ ‘ಕನೆಕ್ಟ್ ಆಗ್ತಿಲ್ಲ’ ಎಂದು ಬಂದರೆ ಗಾಡಿಯ ಇಸಿಯು ಹೋಯಿತು ಎಂದು ಹೆದರಬೇಡಿ. ಡಾಂಗಲ್‌ಗೆ ಆ ಹಳೇ ಭಾಷೆ ಬಾರದಿರಬಹುದು. ಅಥವಾ ಸಾಕೆಟ್ಟಿನ ಫ್ಯೂಸ್ ಹೋಗಿರಬಹುದು. 16ನೇ ಪಿನ್ನಿನಲ್ಲಿ ಬ್ಯಾಟರಿ ವೋಲ್ಟೇಜ್ ಇದೆಯೇ, 4 ಮತ್ತು 5ರಲ್ಲಿ ಅರ್ತ್ ಇದೆಯೇ ಎಂದು ಮಲ್ಟಿಮೀಟರ್ ಹಿಡಿದರೆ ಎರಡು ನಿಮಿಷದ ಕೆಲಸ.

ಉಡುಪಿಯಲ್ಲಿ ಮೈನಸ್ 40

ಈಗ ಆ ಹೈ, ಲೋ ವಿಷಯ. ನನ್ನ ಪ್ರಕಾರ ಇಷ್ಟು ಅರ್ಥವಾದರೆ ಅರ್ಧ ಕೆಲಸ ಮುಗಿಯಿತು.

ಕೂಲೆಂಟ್ (ಇಂಜಿನ್ ತಂಪಾಗಿಸುವ ದ್ರವ) ಟೆಂಪರೇಚರ್ ಸೆನ್ಸರ್ ತೆಗೆದುಕೊಳ್ಳಿ. ಅದರಲ್ಲಿರುವುದು ಎರಡೇ ವಯರ್. ಇಸಿಯು ಒಂದು ವಯರಿನಲ್ಲಿ 5 ವೋಲ್ಟ್ ಕಳಿಸುತ್ತದೆ. ಇನ್ನೊಂದು ಅರ್ತ್, ಅದೂ ವಾಪಸ್ ಇಸಿಯುವಿಗೇ ಹೋಗುತ್ತದೆ. ಸೆನ್ಸರ್ ಒಳಗಿರುವುದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕಡಿಮೆಯಾಗುವ ಒಂದು ತುಂಡು. ತಣ್ಣಗಿರುವಾಗ ಸಾಮಾನ್ಯವಾಗಿ ಎರಡು ಸಾವಿರ ಓಮ್ ಆಸುಪಾಸು, 80 ಡಿಗ್ರಿಯಲ್ಲಿ ಮುನ್ನೂರು ಓಮ್ ಆಸುಪಾಸು. ತಣ್ಣಗಿದ್ದರೆ ವೋಲ್ಟೇಜ್ ಮೇಲೆ, ಬಿಸಿಯಾದರೆ ಕೆಳಗೆ. ಇಸಿಯು ಆ ವೋಲ್ಟೇಜ್ ನೋಡಿ ಟೆಂಪರೇಚರ್ ಲೆಕ್ಕ ಹಾಕುತ್ತದೆ.

ವಯರ್ ತುಂಡಾದರೆ? 5 ವೋಲ್ಟ್ ಹೋಗಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಇಸಿಯುವಿಗೆ ಕಾಣುವುದು ಪೂರ್ತಿ 5 ವೋಲ್ಟ್. ಅದರ ಲೆಕ್ಕದಲ್ಲಿ ಕೂಲೆಂಟ್ ಮೈನಸ್ 40 ಡಿಗ್ರಿ. ಉಡುಪಿಯಲ್ಲಿ! ‘ಇದು ಸಾಧ್ಯವಿಲ್ಲ’ ಎಂದು ಪಿ0118 ಬರೆಯುತ್ತದೆ, ಕೂಲೆಂಟ್ ಸರ್ಕಿಟ್ ಹೈ. ವಯರ್ ಉಜ್ಜಿ ಬಾಡಿಗೆ ತಾಗಿದರೆ ಇದರ ಉಲ್ಟಾ. ವೋಲ್ಟೇಜ್ ಸೊನ್ನೆಯಾಗುತ್ತದೆ, ಇಂಜಿನ್ ಕೆಂಡವಾಗಿದೆ ಎಂದು ತೋರುತ್ತದೆ, ಕೋಡ್ ಪಿ0117 ಬರುತ್ತದೆ, ಅಂದರೆ ಲೋ. ಹೈ ಎಂದ ಕೂಡಲೇ ‘ಇಂಜಿನ್ ಹೀಟ್ ಆಗಿದೆ’ ಎಂದುಕೊಳ್ಳುವವರು ಬಹಳ. ಇಲ್ಲಿ ಹೈ ಆಗಿರುವುದು ವೋಲ್ಟೇಜ್, ಬಿಸಿಯಲ್ಲ.

ಇದರಿಂದ ಒಂದು ಸುಲಭದ ಪರೀಕ್ಷೆ ಸಿಗುತ್ತದೆ, ಖರ್ಚಿಲ್ಲದ್ದು. ಕೋಡ್ ಲೋ ಎಂದಿದೆ ಅಂತಿಟ್ಟುಕೊಳ್ಳಿ. ಕೀ ಆನ್ ಮಾಡಿ, ಇಂಜಿನ್ ಬಂದ್ ಇರಲಿ, ಸೆನ್ಸರ್‌ನ ಕಪ್ಲರ್ ಬಿಚ್ಚಿ. ಸ್ಕ್ಯಾನರ್‌ನಲ್ಲಿ ಟೆಂಪರೇಚರ್ ಮೈನಸ್ 40ಕ್ಕೆ ಹಾರಿದರೆ ವಯರೂ ಇಸಿಯುವೂ ಸರಿ ಇವೆ, ಸೆನ್ಸರೇ ಹೋಗಿದೆ. ಹಾರದಿದ್ದರೆ ಸೆನ್ಸರ್ ಪಾಪ, ವಯರ್ ಎಲ್ಲೋ ಬಾಡಿಗೆ ತಾಗುತ್ತಿದೆ. ಕೋಡ್ ಹೈ ಎಂದಿದ್ದರೆ ಬಿಚ್ಚಿದ ಕಪ್ಲರ್‌ನ ಎರಡು ಪಿನ್‌ಗಳನ್ನು ಸಣ್ಣ ವಯರಿನಿಂದ ಸೇರಿಸಿ. ಓದಿಕೆ ಸರ್ರೆಂದು ಮೇಲೆ ಹೋಗಬೇಕು. ಹೋದರೆ ಸೆನ್ಸರ್ ಬದಲಿಸಿ, ಹೋಗದಿದ್ದರೆ ವಯರ್ ಹುಡುಕಿ. ಎರಡು ವಯರಿನ ಟೆಂಪರೇಚರ್ ಸೆನ್ಸರ್‌ಗೆ ಮಾತ್ರ ಈ ಆಟ. ಮೂರು ವಯರಿನ ಪ್ರೆಶರ್ ಸೆನ್ಸರ್‌ಗಳಲ್ಲಿ ಸುಮ್ನೆ ಯಾವುದೋ ಎರಡು ಪಿನ್ ಸೇರಿಸಲು ಹೋಗಬೇಡಿ.

ನಮ್ಮ ಗಾಡಿಗೆ ವಾಪಸ್ ಬರೋಣ. ಎರಡನೇ ಸಲ ಲೈಟ್ ಹತ್ತಿದ ಮೇಲೆ ನಮ್ಮ ಮಾಮೂಲಿ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಸ್ಕ್ಯಾನರ್ ಚುಚ್ಚಿ, ಅಳಿಸುವ ಬಟನ್ ಮುಟ್ಟದೆ, ಪೂರ್ತಿ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡ. ಪಿ0238, ಟರ್ಬೋ ಪ್ರೆಶರ್ ಸೆನ್ಸರ್ ಹೈ. ಪಿ0113, ಒಳಗೆ ಬರುವ ಗಾಳಿಯ ಟೆಂಪರೇಚರ್ ಹೈ. ಪಿ0118, ಕೂಲೆಂಟ್ ಹೈ. ಮೊದಲ ಗ್ಯಾರೇಜಿನಲ್ಲಿ ಬರೀ ಮೊದಲ ಸಾಲು ಓದಿದ್ದರು.

‘ಮೂರು ಸೆನ್ಸರ್ ಒಂದೇ ದಿನ ಸಾಯ್ತದಾ ಮಾರಾಯ್ರೆ? ಮೂರೂ ಹೈ ಬೇರೆ’ ಎಂದ.

ಮೂರಕ್ಕೂ ಸೇರಿದ್ದು ಯಾವುದು ಎಂದು ವಯರಿಂಗ್ ಡಯಾಗ್ರಾಂ ತೆಗೆದ. ನಮ್ಮ ಗಾಡಿಯಲ್ಲಿ ಮೂರು ಸೆನ್ಸರ್‌ಗಳ ಅರ್ತ್ ವಯರ್‌ಗಳು ಒಂದು ಜಾಗದಲ್ಲಿ ಜೋಡಿ, ಅಲ್ಲಿಂದ ಒಂದೇ ವಯರಾಗಿ ಇಸಿಯುವಿಗೆ ಹೋಗುತ್ತವೆ. ಅರ್ತ್ ಕಡಿದರೆ ಎಲ್ಲ ಸಿಗ್ನಲ್ಲೂ 5 ವೋಲ್ಟಿನತ್ತ ತೇಲುತ್ತದೆ. ಎಲ್ಲವೂ ಹೈ. ಅದರ ಬದಲು ಸೆನ್ಸರ್‌ಗಳಿಗೆ ಹೋಗುವ 5 ವೋಲ್ಟಿನ ಲೈನ್ ಎಲ್ಲೋ ಬಾಡಿಗೆ ತಾಗಿದ್ದರೆ ಮೂರು ವಯರಿನ ಸೆನ್ಸರ್‌ಗಳೆಲ್ಲ ಒಟ್ಟಿಗೆ ಲೋ ತೋರಿಸುತ್ತಿದ್ದವು. ನಾಲ್ಕು ಮನೆಯಲ್ಲಿ ಒಂದೇ ದಿನ ಹೊಟ್ಟೆನೋವಾದರೆ ಬಾವಿ ನೋಡುವುದು ತಾನೆ?

ಆಮೇಲೆ ಅವನು ಮಾಡಿದ್ದು ನೋಡಬೇಕಿತ್ತು. ಕೀ ಆನ್ ಮಾಡಿ ಸ್ಕ್ಯಾನರ್‌ನಲ್ಲಿ ಕೂಲೆಂಟ್ ಓದಿಕೆ ತೆರೆದು ನನ್ನ ಕೈಗೆ ಕೊಟ್ಟ. 31 ಡಿಗ್ರಿ. ಸರಿಯಾಗಿಯೇ ಇದೆಯಲ್ಲ ಎಂದೆ. ಅವನು ಮಾತಾಡದೆ ವಯರಿನ ಕಟ್ಟನ್ನು ಗೇಣುದ್ದಕ್ಕೆ ಒಂದೊಂದು ಕಡೆ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾ ಬಂದ. 31, 31, 31. ಬ್ಯಾಟರಿ ಟ್ರೇಯ ಹಿಂದೆ ಬಂದಾಗ ಮೈನಸ್ 40. ಬಿಟ್ಟ, 31. ಅಲ್ಲಾಡಿಸಿದ, ಮತ್ತೆ ಮೈನಸ್ 40. ಟೇಪ್ ಬಿಚ್ಚಿದರೆ ಒಳಗೆ ಭತ್ತದ ಹೊಟ್ಟು, ಬಟ್ಟೆಯ ಚೂರು, ಇಲಿಯ ಹಿಕ್ಕೆ. ಎರಡು ತಿಂಗಳ ರಜೆಯಲ್ಲಿ ಇಲಿ ಅಲ್ಲಿ ಸಂಸಾರ ಹೂಡಿತ್ತು. ಜಾಯಿಂಟಿನ ಪ್ಲಾಸ್ಟಿಕ್ ಕಡಿದು ಬಿಟ್ಟಿತ್ತು, ಉಳಿದದ್ದನ್ನು ಮಳೆಗಾಲದ ಉಪ್ಪುಗಾಳಿ ನೋಡಿಕೊಂಡಿತ್ತು. ತಾಮ್ರ ಪಾಚಿಯ ಹಾಗೆ ಹಸಿರಾಗಿ, ಒಂದೆರಡು ಎಳೆಯ ಮೇಲೆ ನಿಂತಿತ್ತು. ಮೊದಲ ಗ್ಯಾರೇಜಿನಲ್ಲಿ ಸೆನ್ಸರ್ ಹಾಕುವಾಗ ವಯರ್ ಅಲುಗಾಡಿ ಎಳೆ ತಾಗಿರಬೇಕು. ಸಂತೆಕಟ್ಟೆಯ ಗುಂಡಿಗಳು ಅದನ್ನು ಮತ್ತೆ ಬಿಡಿಸಿದವು.

ಹೊಳೆಯುವ ತಾಮ್ರ ಸಿಗುವವರೆಗೆ ಎರಡೂ ಕಡೆ ಕತ್ತರಿಸಿ, ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ತೊಡಿಸಿದ. ಹಸಿರು ಕಲೆ ಕಂಡ ಜಾಗದಲ್ಲಷ್ಟೇ ಕತ್ತರಿಸಿದರೆ ಸಾಲದು. ಉಪ್ಪು ನೀರು ಬತ್ತಿಗೆ ಎಣ್ಣೆ ಏರುವ ಹಾಗೆ ಪ್ಲಾಸ್ಟಿಕ್ಕಿನ ಒಳಗಿಂದ ಏರಿ ಹೋಗಿರುತ್ತದೆ. ಕರಾವಳಿಯಲ್ಲಿ ಇನ್ನೊಂದು ಕೆಟ್ಟ ಅಭ್ಯಾಸ ಬಿಡಬೇಕು: ಟೆಸ್ಟ್ ಲ್ಯಾಂಪಿನ ಸೂಜಿಯಿಂದ ವಯರ್ ಚುಚ್ಚಿ ನೋಡುವುದು. ಇವತ್ತು ಚುಚ್ಚಿದ ತೂತು ಮುಂದಿನ ಮಳೆಗಾಲದ ಕೋಡ್. ಹಾಗೆಯೇ ಮೀನಿನ ವಾಸನೆ ಹೋಗಲಿ ಎಂದು ಬಾನೆಟ್ ತೆಗೆದು ಪ್ರೆಶರ್ ವಾಟರ್ ಬಿಡಿಸುವುದು. ಹಿಂದಿನ ಡಬ್ಬಿ ತೊಳೆಯಿರಿ, ಇಂಜಿನ್ ಬಿಟ್ಟುಬಿಡಿ.

ಅರ್ತ್ ವಿಷಯ ಬಂದಾಗ ಇನ್ನೊಂದು ಮಾತು. ಐಸ್ ಕರಗಿದ ಉಪ್ಪು ನೀರು ಸೋರುವ ಗಾಡಿಗಳಲ್ಲಿ ಚಾಸಿಗೆ ಹೋಗುವ ದಪ್ಪ ಅರ್ತ್ ಕೇಬಲ್ ಮೊದಲು ಹಾಳಾಗುತ್ತದೆ. ಅದನ್ನು ಓಮ್‌ನಲ್ಲಿ ಅಳೆದರೆ ಏನೂ ಗೊತ್ತಾಗುವುದಿಲ್ಲ. ನೂರು ಎಳೆಯಲ್ಲಿ ಒಂದೇ ಉಳಿದಿದ್ದರೂ ಮೀಟರ್ ಸೊನ್ನೆ ಓಮ್ ಎನ್ನುತ್ತದೆ, ಏಕೆಂದರೆ ಮೀಟರ್ ಕಳಿಸುವ ಕರೆಂಟ್ ಅಷ್ಟು ಸಣ್ಣದು. ಭಾರ ಹಾಕಿ ಅಳೆಯಬೇಕು. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಹಿಡಿದು ಸೆಲ್ಫ್ ಹೊಡೆಸಿ. 0.2 ವೋಲ್ಟಿನ ಒಳಗಿದ್ದರೆ ಒಳ್ಳೆಯದು. ಅರ್ಧ ವೋಲ್ಟ್ ದಾಟಿದರೆ ಬೇರೆ ಯಾವ ಕೋಡನ್ನೂ ನಂಬುವ ಮೊದಲು ಕೇಬಲ್ ಬಿಚ್ಚಿ ತಿಕ್ಕಿ. ಬ್ಯಾಟರಿ ಸೋತ ಗಾಡಿಯೂ ಹೀಗೆಯೇ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದರೆ ಸಂಬಂಧವಿಲ್ಲದ ಹತ್ತು ಕೋಡ್ ಬಂದು ಕೂರುತ್ತವೆ. ಪಟ್ಟಿಯಲ್ಲಿ ಪಿ0562 ಇದ್ದರೆ, ಅಂದರೆ ಸಿಸ್ಟಂ ವೋಲ್ಟೇಜ್ ಲೋ ಎಂದಿದ್ದರೆ, ಬ್ಯಾಟರಿ ಮತ್ತು ಆಲ್ಟರ್ನೇಟರ್ ನೋಡಿದ ಮೇಲೆಯೇ ಉಳಿದದ್ದು.

ಸೆನ್ಸರ್ ನಿಜ ಹೇಳುತ್ತಿದ್ದರೆ

ಇಲ್ಲಿಯವರೆಗೆ ಹೇಳಿದ್ದು ಲೈನ್ ಕೆಟ್ಟ ಕಥೆ. ಇನ್ನೊಂದು ಬಗೆಯ ಕೋಡ್‌ನಲ್ಲಿ ಸೆನ್ಸರ್ ಸರಿಯಾಗಿಯೇ ಇರುತ್ತದೆ, ಅದು ತರುವ ಸುದ್ದಿಯೇ ಕೆಟ್ಟದ್ದು. ಕಾಮನ್ ರೈಲ್ ಡೀಸೆಲ್‌ನಲ್ಲಿ ಪಿ0087 ಹೀಗೆ. ರೈಲ್ ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಭಾರೀ ಪ್ರೆಶರಿನಲ್ಲಿ ಡೀಸೆಲ್ ಹಂಚುವ ಒಂದೇ ಕೊಳವೆ, ಅದರಲ್ಲಿ ಡೀಸೆಲ್ ಪ್ರೆಶರ್ ಕಡಿಮೆ ಎಂದು ಅರ್ಥ. ಇಲ್ಲಿ ರೈಲ್ ಪ್ರೆಶರ್ ಸೆನ್ಸರ್ ಬದಲಿಸುವುದು ಜ್ವರ ಬಂತೆಂದು ಥರ್ಮಾಮೀಟರ್ ಬದಲಿಸಿದ ಹಾಗೆ.

ಈ ಕೋಡ್ ಬರುವುದು ಹೀಗೆ. ಆಗುಂಬೆ ಘಾಟಿಯಲ್ಲಿ ಲೋಡ್ ಹಾಕಿಕೊಂಡು ಏರುವಾಗ ಮೂರೋ ನಾಲ್ಕೋ ತಿರುವು ಕಳೆದ ಮೇಲೆ ಗಾಡಿ ಸೋಲುತ್ತದೆ. ಲೈಟ್ ಹತ್ತುತ್ತದೆ. ಬದಿಗೆ ನಿಲ್ಲಿಸಿ ಕೀ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದೆ, ಇನ್ನೆರಡು ತಿರುವಿಗೆ ಮತ್ತೆ ಅದೇ ಹಾಡು. ಉಡುಪಿಯಿಂದ ಹೆಬ್ರಿವರೆಗೆ ಏನೂ ಇಲ್ಲ. ಮತ್ಸ್ಯ ಪ್ರಿಯರ ತೀರ್ಥಹಳ್ಳಿಗೆ ಬಂಗುಡೆ, ಬೂತಾಯಿ ಸಾಗಿಸುವವರಿಗೆ ಇದು ಚೆನ್ನಾಗಿ ಗೊತ್ತು.

ಇಲ್ಲಿ ನೆರವಾಗುವುದು ಫ್ರೀಜ್ ಫ್ರೇಮ್. ಕೋಡ್ ಬಿದ್ದ ಆ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಲೋಡ್ ಎಷ್ಟು, ಸ್ಪೀಡ್ ಎಷ್ಟು, ಕೂಲೆಂಟ್ ಎಷ್ಟು ಎಂದು ಇಸಿಯು ಒಂದು ಫೋಟೋ ತೆಗೆದಿಟ್ಟುಕೊಳ್ಳುತ್ತದೆ. ಎಲ್ಲ ಹಳೇ ಗಾಡಿಯಲ್ಲೂ ಇದು ಸಿಗುವುದಿಲ್ಲ, ಸಿಕ್ಕರೆ ಚಿನ್ನ. ಕೋಡ್ ಅಳಿಸಿದರೆ ಈ ಫೋಟೋವೂ ಹೋಗುತ್ತದೆ. ಅದಕ್ಕೇ ನಮ್ಮ ಮೆಕ್ಯಾನಿಕ್ ಮೊದಲು ಬರೆದುಕೊಂಡದ್ದು. ಲೋಡ್ ನೂರರ ಹತ್ತಿರ, ಸ್ಪೀಡ್ 20ರ ಆಸುಪಾಸು ಎಂದು ಇದ್ದರೆ ಡೀಸೆಲ್ ಜಾಸ್ತಿ ಬೇಕಾದಾಗ ಮಾತ್ರ ಸಾಕಾಗುತ್ತಿಲ್ಲ ಎಂದಾಯಿತು. ಐಡಲ್‌ನಲ್ಲಿ ಇಂಥ ಇಂಜಿನ್‌ಗಳ ರೈಲ್ ಪ್ರೆಶರ್ ಸುಮಾರು 250ರಿಂದ 300 ಬಾರ್. ಘಾಟಿಯಲ್ಲಿ ತುಳಿದಾಗ ಸಾವಿರ ದಾಟಬೇಕು. ಐಡಲ್‌ಗೆ ಸಾಕಾಗುವ ಡೀಸೆಲ್ ಅರ್ಧ ಕಟ್ಟಿದ ಫಿಲ್ಟರಿನಲ್ಲೂ ಹರಿಯುತ್ತದೆ. ಘಾಟಿಗೆ ಬೇಕಾದದ್ದು ಹರಿಯುವುದಿಲ್ಲ.

ಹಾಗಾಗಿ ಮೊದಲು ಡೀಸೆಲ್ ಫಿಲ್ಟರ್. ಅದರ ಕೆಳಗಿನ ತಿರುಪು ಬಿಚ್ಚಿ ಬಾಟಲಿಗೆ ಇಳಿಸಿ ನೋಡಿ, ಮಳೆಗಾಲದಲ್ಲಿ ತಳದಲ್ಲಿ ನೀರು ನಿಲ್ಲುವುದು ಸಾಮಾನ್ಯ. ಆಮೇಲೆ ಟ್ಯಾಂಕಿನಿಂದ ಪಂಪಿಗೆ ಬರುವ ಪೈಪ್. ಹಳೇ ರಬ್ಬರ್ ಪೈಪ್ ಡೀಸೆಲ್ ಸೋರದೆಯೂ ಗಾಳಿ ಎಳೆಯಬಹುದು. ನಡುವೆ ಒಂದು ತುಂಡು ಪಾರದರ್ಶಕ ಪೈಪ್ ಹಾಕಿ ಗುಳ್ಳೆ ಬರುತ್ತದೆಯೇ ನೋಡಿದರೆ ಸಾಕು. ಇವೆರಡೂ ಸರಿಯಿದ್ದು, ಸ್ಟಾರ್ಟಿಂಗ್ ಕೂಡ ಕಷ್ಟವಾಗಿದ್ದರೆ ಆಗ ಇಂಜೆಕ್ಟರ್, ಅಂದರೆ ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ನಳಿಗೆ. ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪ್‌ಗಳನ್ನು ನಾಲ್ಕು ಸಣ್ಣ ಬಾಟಲಿಗೆ ಬಿಟ್ಟು ಇಂಜಿನ್ ಓಡಿಸುತ್ತಾರೆ. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಕಳ್ಳ ಸಿಕ್ಕಿದ. ಪಂಪು ಕೊನೆಗೆ. ಅದು ದುಬಾರಿ, ಅದಕ್ಕೇ ಎಷ್ಟೋ ಕಡೆ ಅದರಿಂದಲೇ ಶುರು ಮಾಡುತ್ತಾರೆ ಅನ್ನುವುದು ನನ್ನ ಅನುಮಾನ.

ಒಂದು ಎಚ್ಚರಿಕೆ. ಇಂಜಿನ್ ಓಡುವಾಗ ರೈಲಿನ ಸ್ಟೀಲ್ ಪೈಪ್ ಸಡಿಲಿಸಬೇಡಿ, ಸೋರುತ್ತಿದೆಯೇ ಎಂದು ಕೈ ಹಿಡಿದು ನೋಡಬೇಡಿ. ಆ ಪ್ರೆಶರಿಗೆ ಡೀಸೆಲ್ ಚರ್ಮ ಕೊರೆದು ಒಳಗೆ ಹೋಗುತ್ತದೆ. ಹಳೇ ಮೆಕ್ಯಾನಿಕಲ್ ಪಂಪಿನಲ್ಲಿ ಪೈಪ್ ಸಡಿಲಿಸಿ ಗಾಳಿ ತೆಗೆದು ಅಭ್ಯಾಸ ಇರುವವರೇ ಇಲ್ಲಿ ಅಪಾಯಕ್ಕೆ ಬೀಳುವುದು.

ಸೆನ್ಸರ್ ಸುಳ್ಳು ಹೇಳುತ್ತಿದೆಯೇ ಎಂದು ನೋಡಲು ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಕೀ ಆನ್ ಮಾಡಿ ಓದಿಕೆಗಳನ್ನು ನೋಡಿ. ಕೂಲೆಂಟೂ ಒಳಗಿನ ಗಾಳಿಯೂ ಹೆಚ್ಚುಕಮ್ಮಿ ಒಂದೇ ಇರಬೇಕು, ಹೊರಗಿನ ಸೆಕೆಯಷ್ಟೇ. ರೈಲ್ ಪ್ರೆಶರ್ ಸೊನ್ನೆಯ ಹತ್ತಿರ. ಟರ್ಬೋ ಸೆನ್ಸರ್ ಹೊರಗಿನ ಗಾಳಿಯ ಪ್ರೆಶರನ್ನೇ ತೋರಿಸಬೇಕು, ಕಡಲ ಮಟ್ಟದ ಮಲ್ಪೆಯಲ್ಲಿ ಸುಮಾರು 100 ಕಿಲೋಪ್ಯಾಸ್ಕಲ್. ಸುಮಾರು 650 ಮೀಟರ್ ಎತ್ತರದ ಆಗುಂಬೆಯಲ್ಲಿ ಅದೇ ಸೆನ್ಸರ್ 94ರ ಆಸುಪಾಸು ತೋರಿಸಿದರೆ ಹೆದರಬೇಡಿ, ಅದು ಸರಿ.

ಕೋಡ್ ಅಳಿಸುವ ಬಗ್ಗೆ ಇಷ್ಟೇ: ರಿಪೇರಿ ಆದ ಮೇಲೆ ಅಳಿಸಿ, ಮೊದಲಲ್ಲ. ಈಗಿನ ಪದ್ಧತಿಯ ಗಾಡಿಗಳಲ್ಲಿ ತಪ್ಪು ಸರಿಯಾದರೆ ಸತತ ಮೂರು ಓಟದ ನಂತರ ಲೈಟ್ ತಾನೇ ಆರುತ್ತದೆ. ಹಳೇ ಕೋಡ್ 40 ಸಲ ಇಂಜಿನ್ ತಣ್ಣಗಾಗಿ ಬಿಸಿಯಾದ ಮೇಲೆ ಅಳಿಯುತ್ತದೆ. ಲೈಟ್ ಹತ್ತದಿದ್ದರೂ ‘ಪೆಂಡಿಂಗ್’ ಎಂದು ಒಂದು ಕೋಡ್ ಕೂತಿರಬಹುದು, ಎರಡನೇ ಸಲ ಸಿಕ್ಕಿಬೀಳುವುದನ್ನು ಇಸಿಯು ಕಾಯುತ್ತಿರುತ್ತದೆ. ಅದನ್ನೂ ಓದಿಕೊಳ್ಳಿ.

ವಯರ್ ಜೋಡಿಸಿದ ಮರುದಿನ ಮೆಕ್ಯಾನಿಕ್ ತನ್ನ ಸ್ಕ್ಯಾನರ್ ಸಮೇತ ನನ್ನ ಜೊತೆ ಕೂತು ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಯವರೆಗೆ ಬಂದ. ಹಿಂದೆ ಖಾಲಿ ಕ್ರೇಟ್ ಬದಲು ಮರಳಿನ ಚೀಲ ಹೇರಿದ್ದೆವು. ಘಾಟಿ ಶುರುವಾಯಿತು. ಅವನು ಸ್ಕ್ರೀನ್ ಬಿಟ್ಟು ಕಣ್ಣು ತೆಗೆಯಲಿಲ್ಲ. ಮೇಲೆ ಚೆಕ್‌ಪೋಸ್ಟ್ ಹತ್ತಿರ ನಿಲ್ಲಿಸಿದಾಗ ಕೂಲೆಂಟ್ 91, ಲೈಟ್ ಇಲ್ಲ. ಸ್ಕ್ಯಾನರ್ ಸುತ್ತಿಟ್ಟು, ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿದ್ದ ನನ್ನ ಹಳೇ ಟರ್ಬೋ ಸೆನ್ಸರನ್ನು ಎತ್ತಿ ನೋಡಿ, ‘ಇದು ಎಸೆಯಬೇಡಿ, ಒಳ್ಳೇದೇ ಉಂಟು’ ಎಂದ.